ಅತ್ತೆಗೆ ತೋರಿಸಿದ ಸಮುದ್ರ

ಸಮುದ್ರ ತೋರಿಸುತ್ತೇನೆಂದು ಸೋದರತ್ತೆಯನ್ನು ಕರೆದುಕೊಂಡು ಹೋಗಿ ನಾನು ತೋರಿಸಿದ್ದು ಮಂಜನ್ನು. ಮಂಜು ಎಂದು ಗೊತ್ತಿದ್ದೇ ತೋರಿಸಿದೆ. ಅಷ್ಟಕ್ಕೇ ನಿಂತಿದ್ದರೆ ಮನೆಯವರೆಲ್ಲ ನಕ್ಕು ಮುಗಿಸುತ್ತಿದ್ದರೇನೋ. ಆದರೆ ಆ ಸುಳ್ಳನ್ನು ಉಳಿಸಿಕೊಳ್ಳಲು ಆಮೇಲೆ ಅತ್ತೆಯ ಕಣ್ಣಿನ ಬಗ್ಗೆ ಇನ್ನೊಂದು ಸುಳ್ಳು ಹೇಳಿದೆ. ಅದು ನಗುವ ವಿಷಯವಲ್ಲ. ಆದರೂ ನಗು ಬರುತ್ತದೆ — ಅದೇ ಕಷ್ಟ.

ನಾನು ಕೊಟ್ಟಿಗೆಹಾರದ ಹತ್ತಿರ ಹೋಂಸ್ಟೇ ನಡೆಸುವವನು. ಬಂದವರಿಗೆ ಸುತ್ತಲಿನ ಜಾಗಗಳನ್ನು ತೋರಿಸುವುದೇ ಕೆಲಸ. ದೇವರಮನೆಯ ಹುಲ್ಲುಗುಡ್ಡದ ಮೇಲೆ ಗಾಳಿಗೆ ನಿಲ್ಲಿಸುತ್ತೇನೆ. ಗಣಿ ಮುಚ್ಚಿ ಖಾಲಿಯಾದ ಕುದುರೆಮುಖದ ಕ್ವಾರ್ಟರ್ಸುಗಳ ನಡುವೆ ನಡೆಸಿ, "ಮಾತಾಡ್ಬೇಡಿ, ಸುಮ್ನೆ ಕೇಳಿ" ಎನ್ನುತ್ತೇನೆ. ಏನೂ ಕೇಳಿಸುವುದಿಲ್ಲ, ಅವರಿಗೆ ಅದೇ ಬಹಳ ಇಷ್ಟವಾಗುತ್ತದೆ. ಕಳಸದಲ್ಲಿ ದೇವರ ದರ್ಶನ, ಊಟ, ಹೊಳೆಯಲ್ಲಿ ಕಾಲು ಇಳಿಬಿಡುವುದು. ಮಳೆಗಾಲದಲ್ಲಿ ಇಂಬಳ — ಅದನ್ನು ತೋರಿಸಬೇಕಾಗಿಲ್ಲ, ತಾನೇ ಕಾಲು ಹತ್ತಿ ರಕ್ತ ಹೀರಿ ಪರಿಚಯ ಮಾಡಿಕೊಳ್ಳುತ್ತದೆ.

ಚಾರ್ಮಾಡಿ ಘಾಟಿಗೆ ಮಾತ್ರ ನಾನು ಹೋಗುವುದಿಲ್ಲ. ತೋಟದಲ್ಲಿ ಕೆಲಸವಿದೆ ಎಂದು ಬೇರೆ ಡ್ರೈವರನ್ನು ಕಳಿಸುತ್ತೇನೆ. ಘಾಟಿ ಇಳಿಯುವಾಗ ನನಗೆ ವಾಂತಿಯಾಗುತ್ತದೆ. ಸ್ಟೀರಿಂಗ್ ನನ್ನ ಕೈಯಲ್ಲೇ ಇದ್ದರೂ ಆಗುತ್ತದೆ. ಗುಡ್ಡ ತೋರಿಸಿ ಬದುಕುವವನು ಇದನ್ನು ಯಾರಿಗೆ ತಾನೆ ಹೇಳಿಕೊಂಡಾನು? ಹೆಂಡತಿಯ ಹೊರತು ಯಾರಿಗೂ ಗೊತ್ತಿರಲಿಲ್ಲ.

ಗಿರಿಜತ್ತೆ ನನ್ನ ಅಪ್ಪನ ಅಕ್ಕ. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗಿದ್ದಾರೆ. ಎಪ್ಪತ್ತು ದಾಟಿದೆ. ಅಕ್ಕಪಕ್ಕದ ಹೆಂಗಸರು ಸೂಜಿಗೆ ದಾರ ಹಾಕಿಸಿಕೊಳ್ಳಲು ಅವರ ಹತ್ತಿರ ಬರುತ್ತಿದ್ದರು. ಕಾಲಿಗೆ ಹೊಕ್ಕ ಮುಳ್ಳು ತೆಗೆಯುವುದಕ್ಕೂ ಅವರೇ. ಮನೆಬಳಕೆಯ ಕಾಫಿಬೀಜವನ್ನು ಮೊರದಲ್ಲಿ ಹರಡಿಕೊಂಡು ಕೂತರೆ ಒಂದು ಕಪ್ಪು ಬೀಜವೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಆ ಕಣ್ಣೇ ಮನೆಯಲ್ಲಿ ಅವರ ಅಧಿಕಾರ.

ಅವರು ನನ್ನಲ್ಲಿ ಕೇಳಿದ್ದು ಒಂದೇ. "ಒಂದ್ಸಲ ಸಮುದ್ರ ತೋರ್ಸೋ ಮಾರಾಯ. ನಿಮ್ಮ ಮಾವ ಪ್ರತಿ ವರ್ಷ ಕೊಯ್ಲು ಮುಗೀಲಿ, ಕೊಯ್ಲು ಮುಗೀಲಿ ಅಂತಿದ್ರು. ಕೊಯ್ಲು ಮುಗೀತು, ಅವ್ರೂ ಮುಗಿದ್ರು."

ಸಮುದ್ರಕ್ಕೆ ಘಾಟಿ ಇಳಿದೇ ಹೋಗಬೇಕು. ಬಸ್ಸಿಗೋ ಬೇರೆ ಡ್ರೈವರ್ ಜೊತೆಗೋ ಕೂರಿಸಿ ಕಳಿಸಬಹುದಿತ್ತು. ಆ ಯೋಚನೆ ಅಂದು ಬಂದಿತ್ತೋ, ಬಂದದ್ದನ್ನು ತಳ್ಳಿದೆನೋ —

ಮಳೆ ಬಿಟ್ಟ ಮೇಲಿನ ಒಂದು ಬೆಳಗ್ಗೆ ಜೀಪಿನಲ್ಲಿ ದೇವರಮನೆಗೆ ಕರೆದೊಯ್ದೆ. ಪಡುವಣದ ಕಣಿವೆಯ ತುಂಬ ಮಂಜು ಮಟ್ಟಸವಾಗಿ ನಿಂತಿತ್ತು. ಮಂಜಿನ ಒಳಗೇ ಬದುಕಿದ ಅತ್ತೆ ಅದನ್ನು ಮೇಲಿನಿಂದ ಎಂದೂ ನೋಡಿದವರಲ್ಲ. ಮುಂದಿನದು ನನ್ನ ನೆನಪಿನಲ್ಲಿ ಹೀಗಿದೆ: ಅತ್ತೆ "ಇದೇನಾ ಸಮುದ್ರ?" ಎನ್ನುತ್ತಾರೆ, ಅವರ ಸಂತೋಷ ಕೆಡಿಸಲಾರದೆ ನಾನು ತಲೆಯಾಡಿಸುತ್ತೇನೆ. ವರ್ಷಗಟ್ಟಲೆ ಇದನ್ನೇ ನಂಬಿದ್ದೆ. ಇದು ನೆನಪು ನನ್ನ ಪರ ವಕಾಲತ್ತು ವಹಿಸಿ ತಿದ್ದಿಕೊಟ್ಟದ್ದು. ಅತ್ತೆ ಏನೂ ಕೇಳಲಿಲ್ಲ. ನಾನೇ ಕೈ ಚಾಚಿ, ಅತಿಥಿಗಳಿಗೆಂದು ಇಟ್ಟುಕೊಂಡ ದನಿಯಲ್ಲಿ, "ಅತ್ತೆ, ಅದೇ ಸಮುದ್ರ" ಎಂದೆ.

ಅವರು ಕೈಮುಗಿದರು — ಮುಗಿದರೆಂದೇ ನೆನಪು. ಸೆರಗು ಸರಿಮಾಡಿಕೊಂಡದ್ದೂ ಇರಬಹುದು.

"ನಡೂಮಧ್ಯ ಒಂದು ಮರ ಕಾಣ್ತದಲ್ಲ?"

"ದ್ವೀಪ ಅತ್ತೆ."

"ಶಬ್ದನೇ ಇಲ್ಲ."

"ದೂರ ಅಲ್ವಾ."

ಅಷ್ಟರಲ್ಲಿ ಬಿಸಿಲೇರಿ ಸಮುದ್ರ ಎದ್ದು ಗುಡ್ಡ ಹತ್ತತೊಡಗಿತು. "ಇದೆಂಥದಾ, ನಮ್ಮ ಕಡೆಗೇ ಬರ್ತಾ ಉಂಟಲ್ಲ!" ಎಂದು ಅತ್ತೆ ನನ್ನ ತೋಳು ಹಿಡಿದರು. "ಭರತ ಅತ್ತೆ, ಭರತ! ನೀರು ಏರ್ತಾ ಇದೆ, ಬೇಗ ಬನ್ನಿ!" ಎಂದು ಜೀಪು ಹತ್ತಿಸಿ ಓಡಿಸಿಕೊಂಡು ಬಂದೆ.

ಅಂದಿನಿಂದ ಸಮುದ್ರದ ವಿಷಯದಲ್ಲಿ ಅತ್ತೆಯದೇ ಕೊನೆಯ ಮಾತು. ಹೆಂಗಸರ ಸಂಘದವರು ಬಸ್ಸು ಮಾಡಿಕೊಂಡು ಮಲ್ಪೆಗೆ ಹೊರಟಾಗ, "ನಾನು ನೋಡಿ ಆಯ್ತು, ನೀವು ಹೋಗ್ಬನ್ನಿ. ಭರತ ಬಂದ್ರೆ ನಿಲ್ಬೇಡಿ, ಓಡಿ" ಎಂದು ಬುದ್ಧಿ ಹೇಳಿ ಕಳಿಸಿದರು. ನಾನು ಅಲ್ಲೇ ಇದ್ದೆ. ಹೋಗಿ ಎನ್ನಲಿಲ್ಲ.

ಸಿಕ್ಕಿಬಿದ್ದದ್ದು ಮೀನಿನ ಉಸ್ಮಾನನ ಎದುರು. ಉಸ್ಮಾನ್ ದಿನಾ ಬೆಳಿಗ್ಗೆ ಮಂಗಳೂರಿನಿಂದ ಪಿಕಪ್ಪಿನಲ್ಲಿ ಮೀನು ತಂದು ಕೊಟ್ಟಿಗೆಹಾರದಲ್ಲಿ ಮಾರುವವನು. ಹೋದ ವರ್ಷ ಒಂದು ದಿನ ಅತ್ತೆ ಬಂಗುಡೆಯ ಕಿವಿರು ಎತ್ತಿ ನೋಡಿ, "ನಿಮ್ಮ ಸಮುದ್ರ ಅಷ್ಟು ಬೆಳ್ಳಗಿದೆ, ಮೀನು ಯಾಕೆ ಹಿಂಗೆ ಕಪ್ಪು?" ಎಂದರು.

"ಸಮುದ್ರ ಬಿಳಿಯಾ? ಎಂಥ ಅಮ್ಮ ನೀವು ಹೇಳುದು! ನಾನು ಹುಟ್ಟಿದ್ದೇ ಅದರ ಬದಿಯಲ್ಲಿ."

"ನಾನು ಕಣ್ಣಾರೆ ನೋಡಿದ್ದೀನಿ. ಹತ್ತಿ ಹರಡಿದಂಗೆ. ಮಧ್ಯ ಮರ ಇದೆ."

"ಮರವೂ ಉಂಟಾ! ಹಾಗಾದ್ರೆ ನಾಳೆಯಿಂದ ಬಂಗುಡೆ ಬಲೆಯಲ್ಲಿ ಹಿಡಿಯುದು ಬೇಡ, ಕೊಂಬೆಯಿಂದ ಕೊಯ್ದೇ ತರುವ!"

ಇಡೀ ಅಂಗಡಿಸಾಲು ನಕ್ಕಿತು. ಅತ್ತೆ ನಗಲಿಲ್ಲ. ನನ್ನ ಕಡೆ ತಿರುಗಿದರು. "ತೋರ್ಸಿದ್ದು ನೀನಲ್ವಾ? ಹೇಳು ಇವ್ರಿಗೆ."

ಪಕ್ಕದಲ್ಲೇ ನನ್ನ ಅತಿಥಿಗಳಿಬ್ಬರು ಟೀ ಲೋಟ ಹಿಡಿದು ನಿಂತಿದ್ದರು. ನಾನು ಹೇಳಿದೆ: "ಅತ್ತೆಗೆ ಈಚೆಗೆ ಕಣ್ಣು ಸರಿಯಾಗಿ ಕಾಣಲ್ಲ ಉಸ್ಮಾನ್. ನೀಲಿ ಇದ್ದದ್ದು ಬಿಳಿಯಾಗಿ ಕಂಡಿದೆ."

ನಗು ಥಟ್ಟನೆ ನಿಂತಿತು. ಉಸ್ಮಾನ್ "ಪಾಪ" ಎಂದು ಎರಡು ಬಂಗುಡೆ ಹೆಚ್ಚಿಗೆ ಹಾಕಿದ. ಅತ್ತೆ ನನ್ನನ್ನು ನೋಡಿದ ನೋಟ — ಅದನ್ನು ವರ್ಣಿಸಲು ಹೊರಟರೆ ಅಲ್ಲೂ ತಿದ್ದಿಬಿಡುತ್ತೇನೆ. ಬಿಡುತ್ತೇನೆ.

ವಾರದೊಳಗೆ ಸುದ್ದಿ ಹರಡಿತು. ನೆರೆಮನೆಯ ಸರೋಜಕ್ಕ ಅತ್ತೆಯ ಕೈಹಿಡಿದು ಅವರದೇ ಅಂಗಳ ದಾಟಿಸಿದಳು. ಕಣ್ಣು ಕಾಣದವರ ಹತ್ತಿರ ಯಾಕೋ ಎಲ್ಲರೂ ಗಟ್ಟಿಯಾಗಿ ಕೂಗಿ ಮಾತಾಡುತ್ತಿದ್ದರು. ನನ್ನ ಹೆಂಡತಿ, "ನಿಮಗ್ಯಾಕೆ ತೊಂದ್ರೆ ಅತ್ತೆ" ಎಂದು ಮೊರ ಇಸಿದುಕೊಂಡಳು. ಸೂಜಿ ಹಿಡಿದು ಯಾರೂ ಬರಲಿಲ್ಲ. ಮೂಡಿಗೆರೆಯ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, "ಇವ್ರ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ" ಎಂದರು. ಅತ್ತೆ ನಂಬಲಿಲ್ಲ. "ಡಾಕ್ಟ್ರಿಗೇನು ಗೊತ್ತು? ಸಮುದ್ರದಲ್ಲಿ ಮರ ಕಂಡ ಕಣ್ಣು ಇದು." ಅವರೇ ಸೂಜಿ ಮುಟ್ಟುವುದನ್ನು ಬಿಟ್ಟರು. ತಮ್ಮ ಕಣ್ಣಿಗಿಂತ ನನ್ನ ಮಾತು ದೊಡ್ಡದಾಯಿತು ಅವರಿಗೆ.

ಕೊನೆಗೆ, "ಮಂಗಳೂರಲ್ಲಿ ದೊಡ್ಡ ಡಾಕ್ಟ್ರು ಇದ್ದಾರಂತೆ. ಆಪರೇಷನ್ ಮಾಡಿಸ್ಕೋತೀನಿ. ನೀನೇ ಕರ್ಕೊಂಡು ಹೋಗು" ಎಂದು ಹಟ ಹಿಡಿದರು. ಸರಿಯಾಗಿರುವ ಕಣ್ಣಿಗೆ ಆಪರೇಷನ್! ಬೇಡವೆನ್ನಲು ನನ್ನ ಬಳಿ ನಿಜ ಒಂದನ್ನು ಬಿಟ್ಟು ಬೇರೆ ಕಾರಣವಿರಲಿಲ್ಲ. ಅದನ್ನು ಹೇಳಲಾಗದೆ ಮೊನ್ನೆ ಬೆಳಿಗ್ಗೆ ಜೀಪು ತೆಗೆದೆ.

ಘಾಟಿಯ ಎರಡನೆಯ ತಿರುವಿಗೇ ನಿಲ್ಲಿಸಬೇಕಾಯಿತು. ತಡೆಗೋಡೆ ಹಿಡಿದು ವಾಂತಿ ಮಾಡುತ್ತಿದ್ದೆ, ಅತ್ತೆ ನನ್ನ ಹಣೆ ಒತ್ತಿ ಹಿಡಿದಿದ್ದರು. ಕೆಳಗೆ ಕಣಿವೆಯ ತುಂಬ ಅದೇ ಬಿಳುಪು. ಬಾಯಿ ಒರೆಸಿಕೊಳ್ಳುತ್ತಲೇ ಹೇಳಿದೆ. "ಅತ್ತೆ, ಅವತ್ತು ತೋರ್ಸಿದ್ದು ಇದನ್ನೇ. ಮಂಜು. ಸಮುದ್ರ ಅಲ್ಲ. ಘಾಟಿ ಇಳಿಯೋಕೆ ನಂಗೆ ಆಗಲ್ಲ, ಅದಕ್ಕೆ —"

ಹಣೆಯ ಮೇಲಿನ ಕೈ ಹೋಯಿತು. ಅವರು ತಡೆಗೋಡೆಗೆ ಬಾಗಿ ಕೆಳಗೆ ನೋಡಿದರು.

"ಹಂಗಾರೆ ನನ್ನ ಕಣ್ಣು?"

"ಸರಿಯಾಗೇ ಇದೆ ಅತ್ತೆ. ಅವತ್ತೂ ಸರಿಯಾಗೇ ಇತ್ತು."

"ಗಾಡಿ ತಿರುಗ್ಸು."

"ಸಮುದ್ರ ನೋಡೋದು ಬೇಡ್ವಾ? ಹೆಂಗೂ ಇಲ್ಲಿ ತನಕ —"

"ಸಮುದ್ರ ಎಲ್ಲಿಗೂ ಓಡಿಹೋಗಲ್ಲ. ಉಸ್ಮಾನು ಹತ್ತು ಗಂಟೆಗೆ ಹೋಗ್ಬಿಡ್ತಾನೆ."

ಪಿಕಪ್ಪಿನ ಎದುರು, ಮೀನಿಗೆ ಬಂದವರೆಲ್ಲರ ನಡುವೆ, ಅತ್ತೆ ನನ್ನನ್ನು ನಿಲ್ಲಿಸಿದರು. ಹೇಳಿದೆ. "ಗಟ್ಟಿಯಾಗಿ" ಎಂದರು. ಗಟ್ಟಿಯಾಗಿ ಹೇಳಿದೆ. "ವಾಂತಿದೂ ಹೇಳು" ಎಂದರು. ಅದನ್ನೂ ಹೇಳಿದೆ. ಜನ ನಗುವುದನ್ನು ನಿಲ್ಲಿಸುವ ತನಕ ಅತ್ತೆ ಕಾದರು. ಆಮೇಲೆ ಸರೋಜಕ್ಕನನ್ನು ಕರೆದು, ದೂರದ ಬಸ್ಸಿನ ಬೋರ್ಡನ್ನು ಎಲ್ಲರಿಗೂ ಕೇಳುವಂತೆ ಓದಿದರು.

ಇವತ್ತು ಬೆಳಿಗ್ಗೆ ಅತ್ತೆ ಹೊಸ ಸೀರೆ ಉಟ್ಟು, ಸರೋಜಕ್ಕನನ್ನು ಜೊತೆಮಾಡಿಕೊಂಡು, ವಾಪಸು ಹೊರಟ ಉಸ್ಮಾನನ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂತರು. ನಾನೂ ಬರಲೇ ಎಂದು ಕೇಳಿದೆ.

"ಬೇಡ. ನೀನು ತೋರ್ಸಿದ್ದನ್ನ ನೋಡಿ ಆಗಿದೆ."

ಈಗ ಮಧ್ಯಾಹ್ನ. ಅವರು ಸಮುದ್ರದ ಎದುರು ನಿಂತಿರಬಹುದು. ಏನು ಕಂಡಿತೋ ನನಗೆ ತಿಳಿಯದು. ಊಹಿಸಿ ಬರೆಯುವ ಆಸೆಯಾಗುತ್ತದೆ, ಬರೆಯುವುದಿಲ್ಲ. ಸಂಜೆಯ ಬಸ್ಸಿಗೆ ಬರುತ್ತಾರೆ. ಇಳಿಸಿಕೊಳ್ಳಲು ಹೋಗುತ್ತೇನೆ. ಕರೆದಿಲ್ಲ, ಆದರೂ ಹೋಗುತ್ತೇನೆ. ಸಮುದ್ರ ಯಾವ ಬಣ್ಣಕ್ಕಿತ್ತೆಂದು ಅವರು ಹೇಳಿದರೆ ಕೇಳಿಸಿಕೊಳ್ಳುತ್ತೇನೆ, ಹೇಳದಿದ್ದರೆ ನಾನಾಗಿ ಕೇಳುವುದಿಲ್ಲ.