ಒಪ್ಪಿಗೆಗೆ ಕಾದಿದ್ದ ಮೂರು ಸಾಲು

“ಅಕ್ಕಾರ, ನಿಮ್ಮ ನಂಬರಿಗೆ ಅಕೌಂಟ್ ಮೊದ್ಲ ಐತಿ ನೋಡ್ರಿ. ಯಾರೋ ನಿಮ್ಮ ಕೆಲಸ ಹೊಗಳಿ ಬರದಾರ, ನೀವು ಒಪ್ಪಿದ್ರ ಎಲ್ಲಾರಿಗೂ ಕಾಣತೈತಿ, ಇನ್ನೂ ಒಪ್ಪಿಲ್ಲ,” ಎಂದಳು ಕೊಟ್ಟೂರಿನ ಕಂಪ್ಯೂಟರ್ ಅಂಗಡಿಯ ಶಬಾನಾ. ಗಂಡ ತೀರಿಕೊಂಡ ಮೇಲೆ ನಾವಿಬ್ಬರೂ ನಡೆಸುತ್ತಿದ್ದ ರಕ್ತಪರೀಕ್ಷೆಯ ಲ್ಯಾಬ್ ಮುಚ್ಚಿತ್ತು. ಉದ್ಯೋಗದ ಜಾಲತಾಣದಲ್ಲಿ ನನ್ನ ಹೆಸರು ಸೇರಿಸಲು ಅವಳ ಬಳಿ ಹೋಗಿದ್ದೆ.

“ಯಾರವ್ವಾ ಬರದೋರು?”

“ಅಣ್ಣಾರು, ನಿಮ್ಮ ಮನಿಯವ್ರು,” ಎಂದು ಪರದೆಯನ್ನು ನನ್ನ ಕಡೆ ತಿರುಗಿಸಿದಳು.

ಹಾಸಿಗೆ ಹಿಡಿದಿದ್ದ ದಿನಗಳಲ್ಲಿ ಅವರು ನನಗೆ ಹೇಳದೆ ನನ್ನ ಹೆಸರಲ್ಲಿ ಖಾತೆ ತೆರೆದಿದ್ದರು. ‘ಗಿರಿಜಾ ಅವರ ಕೈ ಬಲು ಹಗುರ. ಸೂಜಿ ಚುಚ್ಚಿದರೆ ಮಕ್ಕಳೂ ಅಳುವುದಿಲ್ಲ. ಇವರನ್ನು ನಂಬಿ ಕೆಲಸ ಕೊಡಬಹುದು’ ಎಂದು ಬರೆದಿದ್ದರು. ನಮ್ಮ ಮನೆಗಳಲ್ಲಿ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಹೇಳುವುದಿಲ್ಲ. ಹನ್ನೊಂದು ವರ್ಷ ನನ್ನನ್ನು ‘ಏ, ಕೇಳಿಲ್ಲಿ’ ಎಂದೇ ಕರೆದವರು ಅವರು.

“ಒಪ್ಪಿಗಿ ಒತ್ತಲೇನ್ರಿ?” ಎಂದಳು ಶಬಾನಾ.

“ತಡಿಯವ್ವಾ, ಇನ್ನೊಮ್ಮಿ ಓದ್ತೀನಿ.”

ಈಗ ಹರಪನಹಳ್ಳಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ದಿನವಿಡೀ ಎಲ್ಲರೂ ನನ್ನನ್ನು ಗಿರಿಜಾ ಎಂದೇ ಕರೆಯುತ್ತಾರೆ. ನನ್ನ ಗಂಡನ ಬಾಯಲ್ಲಿ ಆ ಹೆಸರು ಹೇಗೆ ಕೇಳಿಸುತ್ತಿತ್ತೋ, ನನಗೆ ಗೊತ್ತಾಗಲೇ ಇಲ್ಲ.