ಬಣ್ಣದಕ್ಕ ಅಳಿಸಿದ ಕೆಂಪು, ಹಸಿರು

ಬಣ್ಣದಕ್ಕ ಮಂಗಳವಾರ ಬೆಳಿಗ್ಗೆ ಹೃದಯಾಘಾತದಿಂದ ತೀರಿಕೊಂಡಳು. ನಮ್ಮ ಮುದ್ರಣಾಲಯದ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದವಳು ಅವಳು. ನಾನು ಅಲ್ಲಿ ಕರಡು ತಿದ್ದುವವಳು. ನಮ್ಮಿಬ್ಬರ ಮೇಜುಗಳು ಒಂದೇ ಕಿಟಕಿಯ ಕೆಳಗಿದ್ದವು.

ಅವಳ ಬಟ್ಟೆಗಳೆಲ್ಲ ಬೂದು. ಆ ಹೆಸರು ಬಂದದ್ದು ಪರದೆಯಿಂದ. ಕಪ್ಪು ಪರದೆಯ ಮೇಲೆ ಎಲ್ಎಸ್ ಎಂಬ ಆಜ್ಞೆ ಒತ್ತಿದರೆ ಫೈಲುಗಳ ಹೆಸರುಗಳು ಸಾಲುಸಾಲಾಗಿ ಬೀಳುತ್ತವೆ. ಯಾವ ಬಗೆಯದಕ್ಕೆ ಯಾವ ಬಣ್ಣ ಎಂಬುದನ್ನು ಒಂದೆಡೆ ಬರೆದಿಡಬಹುದು. ಕಂಪ್ಯೂಟರ್ ಕೊಟ್ಟ ಬಣ್ಣಗಳನ್ನು ಹಾಗೇ ಒಪ್ಪಿಕೊಳ್ಳುವ ಜಾಯಮಾನ ಅವಳದಲ್ಲ. ತಿದ್ದದ ಪುಟದ ಫೈಲಿನ ಹೆಸರಿನ ಕೊನೆಗೆ ಗುರುತಿನ ಅಕ್ಷರಗಳ ಒಂದು ಬಾಲ, ತಿದ್ದಿದ್ದಕ್ಕೆ ಇನ್ನೊಂದು. ಆ ಬಾಲ ನೋಡಿ ಕಂಪ್ಯೂಟರ್ ಮೊದಲನೆಯದನ್ನು ಕೆಂಪಾಗಿ, ಎರಡನೆಯದನ್ನು ಹಸಿರಾಗಿ ತೋರಿಸುತ್ತಿತ್ತು. ಇಡೀ ಪುಸ್ತಕದ ಸ್ಥಿತಿ ಒಂದೇ ನೋಟಕ್ಕೆ ತಿಳಿಯುತ್ತಿತ್ತು.

"ನನ್ನ ಊಟದ ಡಬ್ಬಿಗೆ ಕೈ ಹಾಕಿ, ಬೈಯಲ್ಲ. ಈ ಬಣ್ಣಗಳಿಗೆ ಹಾಕಿದ್ರೆ ಮಾತ್ರ ಬಿಡಲ್ಲ" ಎನ್ನುತ್ತಿದ್ದಳು.

ಯಂತ್ರ ನಡೆಸುವವನು ಅಚ್ಚಿನಣ್ಣ. ಅವನು ಅವಳನ್ನು ಅಕ್ಕ ಎನ್ನುತ್ತಿದ್ದ, ಅವಳು ಅವನನ್ನು ಅಣ್ಣ. ದೊಡ್ಡವರು ಯಾರೆಂದು ಕೊನೆಗೂ ತೀರ್ಮಾನವಾಗಲಿಲ್ಲ. ಅವಳು ಹೋಗುವ ಮುಂಚಿನ ಶನಿವಾರ ಅವನು ತಿದ್ದದ ಅಧ್ಯಾಯವೊಂದನ್ನು ಅಚ್ಚಿಗೆ ಹಾಕಿಬಿಟ್ಟ.

"ಅಷ್ಟು ಕೆಂಪಗೆ ಕಾಣ್ತಿತ್ತಲ್ಲಯ್ಯಾ, ಕಣ್ಣೇನು ಸಂತೆಗೆ ಹೋಗಿತ್ತಾ? ನಾಳಿದ್ದಿಂದ ಬರ್ಬೇಡ" ಎಂದರು ಯಜಮಾನರು.

ಬಣ್ಣದಕ್ಕ ಅವನನ್ನು ಪರದೆಯ ಮುಂದೆ ಕೂರಿಸಿ ಕೆಂಪು ಸಾಲೊಂದನ್ನು ತೋರಿಸಿದಳು. "ಇದ್ಯಾವ ಬಣ್ಣ ಅಣ್ಣ?"

"ಕಂದು."

"ಇದು?" ಹಸಿರು ಸಾಲು ತೋರಿಸಿದಳು.

"ಅದೂ ಕಂದೇ ಅಲ್ವೇನಕ್ಕ?"

"ಅಯ್ಯೋ, ಇಷ್ಟು ವರ್ಷ ಹೇಗಪ್ಪಾ ನಡೆಸ್ದೆ?"

"ಬಾಲ ಓದ್ಕೊಂಡು. ಇವತ್ತು ಅವಸರದಲ್ಲಿ ಎಡವಿದೆ. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಸುಮ್ನಿದ್ದೆ."

"ಹೇಳದೇ ಇದ್ದಿದ್ದಕ್ಕೆ ಉಳೀತಾ?"

ಆಮೇಲೆ ಯಜಮಾನರತ್ತ ತಿರುಗಿದಳು. "ಬಣ್ಣ ಆರಿಸಿದ್ದು ನಾನು ಸಾರ್, ತಪ್ಪೂ ನಂದೇ. ಸೋಮವಾರ ಅವನು ಬಾಲ ಓದದೇ ಎಲ್ಲಾ ಸರಿ ಹೇಳಿದ್ರೆ ಇಟ್ಕೊಳ್ಳಿ."

"ಹೇಳದಿದ್ರೆ?"

"ಇಬ್ರನ್ನೂ ಕಳಿಸಿ."

ಇವಳು ನನ್ನ ಗೆಳತಿ ಎಂದು ಅಲ್ಲಿದ್ದವರಿಗೆಲ್ಲ ಕೂಗಿ ಹೇಳಬೇಕೆನಿಸಿತು. ಈಗಲೂ ಅನಿಸುತ್ತದೆ.

ಯಾರನ್ನೂ ಮುಟ್ಟಗೊಡದಿದ್ದ ಕೆಂಪು, ಹಸಿರನ್ನು ಸೋಮವಾರ ತಾನೇ ಅಳಿಸಿದಳು. ತಿದ್ದದ ಪುಟಕ್ಕೆ ಹಳದಿ ಪಟ್ಟಿಯ ಮೇಲೆ ಕಪ್ಪು ಅಕ್ಷರ, ತಿದ್ದಿದ್ದಕ್ಕೆ ಬರೀ ನೀಲಿ. ಅಚ್ಚಿನಣ್ಣನನ್ನು ಅಕ್ಷರ ಕಾಣದಷ್ಟು ದೂರಕ್ಕೆ, ಬಾಗಿಲ ಬಳಿಗೆ ಕಳಿಸಿದಳು. ಯಜಮಾನರು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟರು.

"ತಿದ್ದಿಲ್ಲ. ತಿದ್ದಿಲ್ಲ. ತಿದ್ದಿದೆ. ಅದು... ಬೆರಳು ತೆಗೀರಿ ಸಾರ್, ಅಡ್ಡ ಬರುತ್ತೆ. ತಿದ್ದಿದೆ."

ಒಂದೂ ತಪ್ಪಲಿಲ್ಲ. "ನಾಳೆ ಬೇಗ ಬಾ, ಹಾಳಾದ ಅಧ್ಯಾಯ ಮತ್ತೆ ಹೊಡೀಬೇಕು" ಎಂದು ಯಜಮಾನರು ಹೊರಟರು.

ಅಚ್ಚಿನಣ್ಣ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಆ ನೀಲಿ ಇನ್ನೊಂಚೂರು ತಿಳಿಯಾಗಿದ್ರೆ ಚೆನ್ನಾಗಿತ್ತು, ಅಕ್ಕ."

ಬಣ್ಣದಕ್ಕ ಎದ್ದು ತನ್ನ ಕುರ್ಚಿಯನ್ನು ಅವನಿಗೆ ಬಿಟ್ಟಳು. ಬಣ್ಣಗಳನ್ನು ಬರೆದಿಟ್ಟ ಫೈಲು ತೆರೆದು, ಕೀಬೋರ್ಡನ್ನು ಅವನತ್ತ ತಳ್ಳಿದಳು.