ನಾನು ಕತ್ತರಿಸಿದ ಸಾಲು

ನಾಟಕ ನೋಡುವಾಗ ಮಾಸ್ತರರ ಬಲಗಾಲಿನ ಹೆಬ್ಬೆರಳು ಚಪ್ಪಲಿಯ ಉಂಗುಷ್ಟದೊಳಗೆ ಕುಣಿಯುತ್ತಿತ್ತು. ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ನಾಟಕ ಅವರಿಗೆ ಸೇರಿತೋ ಇಲ್ಲವೋ ತಿಳಿಯಲು ಪಕ್ಕದ ಕುರ್ಚಿಯಿಂದ ನಾನು ಆ ಬೆರಳನ್ನೇ ನೋಡುತ್ತಿದ್ದೆ.

ಬೆಟಗೇರಿಯ ಶಾಲೆಯೊಂದರಿಂದ ನಿವೃತ್ತರಾದ ಮೇಲೆ ಅವರು ಗದಗಿನ ನಮ್ಮ ಸಣ್ಣ ಪತ್ರಿಕೆಗೆ ನಾಟಕ ವಿಮರ್ಶೆ ಬರೆಯುತ್ತಿದ್ದರು. ಲಕ್ಷ್ಮೇಶ್ವರವಿರಲಿ, ಶಿರಹಟ್ಟಿಯಿರಲಿ, ಎಲ್ಲಿ ಯಾರು ಬಣ್ಣ ಹಚ್ಚಿದರೂ ಬಸ್ಸು ಹತ್ತಿ ಹೋಗುವರು. ನಾನು ಹೊಸದಾಗಿ ಸೇರಿದ ಉಪಸಂಪಾದಕ. ಅವರ ಪ್ರತಿ ವಿಮರ್ಶೆಯ ಮೊದಲ ಸಾಲು ಅವರದೇ ಸಮಾಚಾರ. ‘ನನಗೆ ಹಲ್ಲು ನೋಯುತ್ತಿತ್ತು.’ ‘ನಾಯಕಿ ನನ್ನ ವಿದ್ಯಾರ್ಥಿನಿ, ಹೊಗಳಿಕೆಯನ್ನು ಸೋಸಿಕೊಂಡು ಓದಿ.’

“ಮಾಸ್ತರ, ಓದೋರಿಗೆ ನಿಮ್ಮ ಹಲ್ಲಿನ ಸುದ್ದಿ ಯಾಕ್ರಿ?” ಎಂದು ಕಾಡುತ್ತಿದ್ದೆ.

“ನೋಡಿದಾಂವ ಹ್ಯಾಂಗಿದ್ದ ಅನ್ನೂದು ತಿಳೀಬೇಕಲೇ. ನನ್ನ ನಾಲಿಗಿಗೆ ಸಪ್ಪಗ ಹತ್ತಿದ್ರ ಅಡಗೀದ್ದೇ ತಪ್ಪೇನು? ಜ್ವರಾ ಬಂದಿತ್ತು ಅಂತ ಮೊದಲ ಹೇಳಬೇಕು.”

ಆ ವರ್ಷ ಮುಂಡರಗಿಯಲ್ಲಿ ಡೋಣಿ ಎಂಬ ಹಳ್ಳಿಯ ಅಂಗನವಾಡಿ ಶಿಕ್ಷಕಿಯೊಬ್ಬಳು ಬರೆದ ಮೊದಲ ನಾಟಕವಿತ್ತು. ನಗೆನಾಟಕ. ಮನೆಯಲ್ಲಿ ಒಬ್ಬರೇ ಕೂರಲಾಗದೆ ಮಾಸ್ತರರು ಹೋಗಿದ್ದರು. ಮಾತುಗಳು ಸಪ್ಪೆ, ಎಲ್ಲಿಯೂ ನಗು ಬರಲಿಲ್ಲ ಎಂದು ಬರೆದರು. ಮೊದಲ ಸಾಲು ಹೀಗಿತ್ತು: ‘ಹೆಂಡತಿಯನ್ನು ಕಳೆದುಕೊಂಡು ಇಪ್ಪತ್ತು ದಿನವಾಗಿದೆ; ನಗೆನಾಟಕಕ್ಕೆ ನಾನೀಗ ತಕ್ಕ ಪ್ರೇಕ್ಷಕನಲ್ಲ.’

ಪುಟದಲ್ಲಿ ಜಾಗ ಸಾಲಲಿಲ್ಲ. ನಾನು ಆ ಸಾಲನ್ನೇ ಕತ್ತರಿಸಿದೆ. ಮನೆಯ ದುಃಖ ಪತ್ರಿಕೆಗೇಕೆ ಎಂಬ ಜಾಣತನ ಬೇರೆ.

ಉಳಿದದ್ದು ಡೋಣಿಯವರ ಮೊಬೈಲುಗಳಲ್ಲೆಲ್ಲ ಓಡಾಡಿತು. ಊರ ಬಾಯಿಗೆ ಬೀಗ ಹಾಕುವವರು ಯಾರು? ಆಕೆ ಬರೆಯುವುದನ್ನೇ ಬಿಟ್ಟಳೆಂದು ಸುದ್ದಿ ಬಂತು. ಮಾಸ್ತರರು ನನ್ನನ್ನು ಬೈಯಲಿಲ್ಲ. ಡೋಣಿಗೆ ಹೊರಟರು, ನಾನೂ ಜೊತೆಗೆ ಹೋದೆ.

“ತಪ್ಪು ನಂದವ್ವಾ. ಇನ್ನೊಂದು ಬರಿ, ಕೇಳಾಕ ಬರ್ತೀನಿ” ಎಂದು ಆಕೆಗೆ ಕೈಮುಗಿದರು. ಆ ಸಾಲಿನ ಮಾತೇ ಎತ್ತಲಿಲ್ಲ. ಯಾಕೆಂದು ಬಸ್ಸಿನಲ್ಲಿ ಕೇಳಿದೆ.

“ಪೇಪರಿನ್ಯಾಗ ಹೆಸರು ನಂದೈತಿ. ನಿನ್ನ ನೌಕರಿ ಹೊಸಾದು. ಸುಮ್ನ ಕುಂಡ್ರು.”

ಸುಮ್ಮನೆ ಕುಳಿತೆ. ಒಂದೆರಡು ದಿನವಲ್ಲ, ನಾಲ್ಕು ವರ್ಷ. ಅವರು ಸುಮ್ಮನಿದ್ದದ್ದು ನನಗಾಗಿ. ನಾನು ಸುಮ್ಮನಿದ್ದದ್ದೂ ನನಗಾಗಿಯೇ. ನನ್ನ ನೌಕರಿ ಗಟ್ಟಿಯಾದ ಮೇಲೂ ಬಾಯಿ ಬಿಡಲಿಲ್ಲ. ಅವರು ಮಾತ್ರ ವರ್ಷಕ್ಕೊಮ್ಮೆ ಡೋಣಿಗೆ ಹೋಗಿ “ಬರದಿಯೇನವ್ವಾ?” ಎಂದು ಕೇಳಿ, ಇಲ್ಲವೆನ್ನಿಸಿಕೊಂಡು ಬರುತ್ತಿದ್ದರು. ಬಂದ ದಿನ ಊಟ ಸೇರುತ್ತಿರಲಿಲ್ಲ.

ಹೋದ ವರ್ಷ ಮಾಸ್ತರರು ತೀರಿಕೊಂಡರು. ಮೂರನೆಯ ದಿನ ಆಕೆ ಬೆಟಗೇರಿಯ ಅವರ ಮನೆಗೆ ಬಂದಳು; ನಾನೂ ಅಲ್ಲಿದ್ದೆ. ಕೈಯಲ್ಲಿ ಒಂದು ನೋಟಬುಕ್ಕು.

“ಬರದು ಎರಡು ವರ್ಷಾತ್ರಿ. ಅವರು ಬಂದಾಗೊಮ್ಮಿ ಓದಿ ತೋರಸಬೇಕು ಅನಸ್ತಿತ್ತು. ಮತ್ತ ನಗು ಬರಲಿಲ್ಲ ಅಂದಗಿಂದಾರು ಅಂತ ಅಂಜಿ, ಬರದಿಲ್ಲ ಅಂದುಬಿಡ್ತಿದ್ದೆ.”

ಅಲ್ಲೇ, ಜನರೆದುರಿಗೇ, ಎಲ್ಲವನ್ನೂ ಹೇಳಿದೆ. ಇಪ್ಪತ್ತು ದಿನದ ಸಾಲು, ನನ್ನ ಕತ್ತರಿ, ಅವರ ಮೌನ. ಹೇಳುತ್ತ ಅತ್ತುಬಿಟ್ಟೆ. ಆಕೆ ಅಳಲಿಲ್ಲ. ನೋಟಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದು ನಿಂತಳು.

“ಇದೊಂದು ಮಾತು ಅವರಿದ್ದಾಗ ಹೇಳಿದ್ರ, ಅವರನ್ನ ನಗಿಸಿ ಕಳಸ್ತಿದ್ನಲ್ರಿ.”